ಸಂಚಿಯೊಳಗಿನ ಗುಳಿಗೆ

ಐದು ತಿಂಗಳು ನನ್ನ ತವರು ಮನೆಯಲ್ಲಿ ಖಡಕ್ ರೊಟ್ಟಿ ಮಾಡಲಿಲ್ಲ. ದೇವದುರ್ಗದ ಕಡೆ ಜೋಳದ ರೊಟ್ಟಿ ಒಣಗಿಸಿ ಬುಟ್ಟಿಯಲ್ಲಿ ಜೋಡಿಸಿಡದ ಮನೆ ಸಿಗುವುದಿಲ್ಲ. ಅವ್ವ ಆ ಬುಟ್ಟಿಯನ್ನೇ ತೊಳೆದು ಒಣಗಿಸಿ ಅಟ್ಟಕ್ಕೆ ಹಾಕಿದಳು. ತಾನು ಕೊಟ್ಟ ರೊಟ್ಟಿಯ ಚೂರು ಕಿರಿಯ ಮಗಳ ಗಂಟಲಿನೊಳಗಿನ ನರ ಹರಿದಿದೆ, ಅದಕ್ಕೇ ಮಗಳು ರಕ್ತ ಕಾರಿದಳು ಎಂದು ಅವಳು ನಂಬಿದ್ದಳು. ಅದು ನಿಜವಲ್ಲ ಎಂಬ ಅನುಮಾನ ನನಗೆ ಮೊದಲ ದಿನದಿಂದಲೇ ಇತ್ತು. ಆದರೂ ನಾನು ಬಾಯಿ ಬಿಡಲಿಲ್ಲ.

ತಂಗಿ ಹುಟ್ಟಿದಾಗ ನನಗೆ ಹದಿಮೂರು ವರ್ಷ. ನಮ್ಮಿಬ್ಬರ ನಡುವೆ ಹುಟ್ಟಿದ ಎರಡು ಕೂಸುಗಳು ಉಳಿದಿರಲಿಲ್ಲ. ಹೀಗಾಗಿ ಇವಳನ್ನು ಯಾರೂ ನೆಲಕ್ಕೆ ಬಿಡುತ್ತಿರಲಿಲ್ಲ. ಅವ್ವ ಕೂಲಿಗೆ ಹೋಗಲೇಬೇಕಿತ್ತು, ಕೂಸು ಹಿಡಿಯಲು ಒಬ್ಬರು ಬೇಕಿತ್ತು, ಏಳನೇ ತರಗತಿಗೆ ನನ್ನ ಶಾಲೆ ನಿಂತಿತು. ಆ ಬಗ್ಗೆ ನನಗೆ ಸಿಟ್ಟಿಲ್ಲ. ಅವಳು ಮೊದಲು ಆಡಿದ ಮಾತು ‘ಅಕ್ಕ’. ಅವ್ವನಿಗೆ ಅದರಿಂದ ಸ್ವಲ್ಪ ಹೊಟ್ಟೆಕಿಚ್ಚೂ ಆಗಿತ್ತು.

ಅವಳ ಹೊಟ್ಟೆ ಮೊದಲಿನಿಂದಲೂ ಮುಂದೆ ಬಂದಿತ್ತು. ಕೈಕಾಲು ಕಡ್ಡಿ, ಹೊಟ್ಟೆ ಗಡಿಗೆ. ಮಣ್ಣು ತಿನ್ನುತ್ತಾಳೆ ಎಂದು ಕೆಲವರು, ಹುಳ ಆಗಿವೆ ಎಂದು ಕೆಲವರು. ಕಣ್ಣು ಹಳದಿಯಾದಾಗಲೆಲ್ಲ ಯಾವುದೋ ಸೊಪ್ಪಿನ ರಸ ಕುಡಿಸಿ ತರುತ್ತಿದ್ದೆವು. ಅವಳಿಗೆ ಏಳು ವರ್ಷವಾಗಿದ್ದಾಗ ಒಂದು ದಿನ ಶಾಲೆಯಿಂದ ಬಂದವಳು ಬಾಗಿಲಲ್ಲೇ ರಕ್ತ ಕಾರಿದಳು. ದೇವದುರ್ಗದ ಆಸ್ಪತ್ರೆಯಲ್ಲಿ ಸಲೈನ್ ಹಚ್ಚಿ, ಅಲ್ಲಿಂದ ಅಂಬುಲೆನ್ಸಿನಲ್ಲಿ ರಾಯಚೂರಿಗೆ ಕಳಿಸಿದರು. ರಾಯಚೂರಿನಲ್ಲಿ ರಕ್ತ ಏರಿಸಿದರು. ಆಮೇಲೆ ಮಕ್ಕಳ ಹೊಟ್ಟೆಯ ಕಾಯಿಲೆ ನೋಡುವ ಒಬ್ಬ ಡಾಕ್ಟರಮ್ಮ ಬಂದು ಬಾಯಿಯಿಂದ ದುರ್ಬೀನು ಇಳಿಸಿ ನೋಡಿದರು.

ಅವರು ನಮ್ಮನ್ನು ಕೂರಿಸಿಕೊಂಡು ಒಂದು ಚೀಟಿಯ ಹಿಂದೆ ಚಿತ್ರ ಬರೆದು ತಿಳಿಸಿದರು. ಹುಡುಗಿಯ ಲಿವರ್ ಹುಟ್ಟಿದಾಗಿನಿಂದ ಗಟ್ಟಿಯಾಗುತ್ತ ಬಂದಿದೆ. ಕರುಳಿನಿಂದ ಬರುವ ರಕ್ತ ಲಿವರಿನೊಳಗೆ ಹಾದು ಹೋಗಬೇಕು, ಅಲ್ಲಿ ದಾರಿ ಇಲ್ಲ. ಹೀಗಾಗಿ ಹಿಂದೆ ಒತ್ತಡ ಏರಿ ಎಡಪಕ್ಕೆಯ ಗುಲ್ಮ ಊದಿದೆ, ಅನ್ನನಾಳದ ಸಣ್ಣ ನರಗಳು ಉಬ್ಬಿವೆ. ಒಡೆದದ್ದು ಅವೇ. ಅಪ್ಪ ಕಾಲುವೆಯ ಮೇಲೆ ತೂಬು ಏರಿಸುವ, ಇಳಿಸುವ ಕೆಲಸದವನು. ಅವನು ಚೀಟಿಯ ಮೇಲೆ ಬೆರಳಿಟ್ಟ.

“ಅಂದ್ರ ಮುಂದಿನ ತೂಬು ಮುಚ್ಚೇದರೀ ಮೇಡಂ. ಹಿಂದಿನ ನೀರು ಎಲ್ಲಿಗೆ ಹೋಗಬೇಕು? ಸಣ್ಣ ಹೊಲಗಾಲುವಿಗೆ ನುಗ್ತದ. ಅವು ತಡೀತಾವೇನು, ಒಡೀತಾವ.”

“ನಾ ಒಂದು ತಾಸು ಹೇಳೋದನ್ನ ನೀವು ಒಂದ ಮಾತಿನ್ಯಾಗ ಹೇಳಿದ್ರಿ,” ಎಂದರು ಡಾಕ್ಟರಮ್ಮ.

ಮುಚ್ಚಿದ ತೂಬನ್ನು ತೆಗೆಯುವ ಔಷಧಿ ಇಲ್ಲ, ಆದರೆ ಒಡೆಯುವ ಜಾಗಗಳನ್ನು ಕಟ್ಟಬಹುದು ಎಂದರು. ದುರ್ಬೀನಿನ ತುದಿಯಿಂದ ಉಬ್ಬಿದ ನರಕ್ಕೆ ಸಣ್ಣ ರಬ್ಬರ್ ಉಂಗುರ ಹಾಕುತ್ತಾರೆ. ನರ ಅಲ್ಲಿಯೇ ಒಣಗಿ ಉದುರುತ್ತದೆ. ಒಂದೇ ಸಲಕ್ಕೆ ಮುಗಿಯುವುದಿಲ್ಲ, ಕೆಲವು ವಾರಕ್ಕೊಮ್ಮೆ ಬರುತ್ತಿರಬೇಕು. ಜೊತೆಗೆ ದಿನಾ ಒಂದು ಚಿಕ್ಕ ಗುಳಿಗೆ, ನಾಡಿ ನಿಧಾನ ಮಾಡಿ ಒತ್ತಡ ಇಳಿಸುವುದು. ಹೊಟ್ಟೆಗೆ ಪೆಟ್ಟು ಬೀಳಬಾರದು, ಉಪ್ಪು ಕಡಿಮೆ ಇರಬೇಕು. ಹೊರಡುವಾಗ ಸಿಸ್ಟರ್ ಒಬ್ಬರು ನನ್ನನ್ನೂ ಅವ್ವನನ್ನೂ ನಿಲ್ಲಿಸಿ ಇನ್ನೊಂದು ಮಾತು ಹೇಳಿದರು. ನೋವಿನ ಔಷಧಿ ಯಾವುದನ್ನೂ ಕೊಡಬೇಡಿ, ಅದು ಹೊಟ್ಟೆಯಲ್ಲಿ ಹುಣ್ಣು ಮಾಡಿ ರಕ್ತ ಹರಿಸುತ್ತದೆ, ಜ್ವರ ಬಂದರೆ ನಾವು ಬರೆದ ಸಿರಪ್ ಮಾತ್ರ. ನಾನು ತಲೆಯಾಡಿಸಿದೆ. ಈ ಮಾತು ನನಗೆ ಚೆನ್ನಾಗಿ ನೆನಪಿದೆ. ಕೇಳಿಸಲಿಲ್ಲ ಎಂದು ಹೇಳುವ ಹಾಗಿಲ್ಲ.

ಎರಡು ವರ್ಷ ಚೆನ್ನಾಗಿ ಕಳೆಯಿತು. ಉಂಗುರ ಹಾಕಿಸಿದ ಮೇಲೆ ರಕ್ತ ಬರಲಿಲ್ಲ. ಅಷ್ಟರಲ್ಲಿ ನನ್ನ ಮದುವೆಯಾಗಿ ನಾನು ಮಾನ್ವಿಗೆ ಬಂದೆ.

ಮಾನ್ವಿಯಲ್ಲಿ ನಾನು ಹತ್ತಿ ಬಿಡಿಸುವ ಹೆಂಗಸರ ಗುಂಪಿಗೆ ಸೇರಿದೆ. ಬೆಳಿಗ್ಗೆ ಟಂಟಂ ಆಟೋ ಬಂದು ಓಣಿಯಲ್ಲಿ ಹಾರ್ನ್ ಹೊಡೆಯುತ್ತದೆ, ಹನ್ನೆರಡು ಹದಿನಾಲ್ಕು ಮಂದಿ ಒಬ್ಬರ ಮೇಲೊಬ್ಬರು ಕೂತು ಹೊಲಕ್ಕೆ ಹೋಗುತ್ತೇವೆ. ದಿನವಿಡೀ ಬಗ್ಗಿ ಬಿಡಿಸಬೇಕು. ಒಣಗಿದ ಹತ್ತಿಕಾಯಿಯ ತೊಳೆಯ ತುದಿ ಬೆರಳು ಗೀರುತ್ತದೆ, ಟೊಂಕ ಮಧ್ಯಾಹ್ನಕ್ಕೇ ಹಿಡಿಯುತ್ತದೆ. ಮೊದಲ ವಾರ ನಾನು ಸಾಲಿನ ನಡುವೆ ಕೂತುಬಿಟ್ಟೆ. ಗುಂಪಿನ ಹಿರಿಯ ಹೆಂಗಸು ಸೊಂಟದಿಂದ ಎಲೆ ಅಡಿಕೆಯ ಸಂಚಿ ತೆಗೆದು, ಸುಣ್ಣದ ಡಬ್ಬಿಯ ಪಕ್ಕದಿಂದ ಒಂದು ಗುಳಿಗೆ ಮುರಿದು ಕೊಟ್ಟಳು.

“ಹಿಡಿ, ನುಂಗು. ಸಂಜಿತನ ಟೊಂಕ ಅಂಬೋದು ಅದನೋ ಇಲ್ಲೋ ಗೊತ್ತಾಗಂಗಿಲ್ಲ.”

ಅವಳು ಹೇಳಿದ ಹಾಗೆಯೇ ಆಯಿತು. ನಮ್ಮ ಗುಂಪಿನಲ್ಲಿ ಆ ಗುಳಿಗೆ ಇಲ್ಲದ ಸಂಚಿ ಇರಲಿಲ್ಲ. ಕಿರಾಣಿ ಅಂಗಡಿಯಲ್ಲಿ ಸೋಪು, ಬೆಂಕಿಪೊಟ್ಟಣದ ಜೊತೆ ಅದೂ ಸಿಗುತ್ತಿತ್ತು. ಎಲೆ ತಿನ್ನುವ ಮುಂಚೆ ಅರ್ಧ, ಬುತ್ತಿ ಬಿಚ್ಚುವ ಮುಂಚೆ ಅರ್ಧ, ಒಬ್ಬರ ಹತ್ತಿರ ಮುಗಿದರೆ ಇನ್ನೊಬ್ಬರದು. ಕೆಲವೇ ದಿನಗಳಲ್ಲಿ ನನ್ನ ಮನಸ್ಸಿನಲ್ಲಿ ಅದು ಔಷಧಿಯ ಪಟ್ಟಿಯಿಂದ ಹೊರಗೆ ಹೋಯಿತು. ಅಡಿಕೆ ಹೇಗೋ ಅದೂ ಹಾಗೆ. ಔಷಧಿ ಎಂದರೆ ಡಾಕ್ಟರು ಬರೆದದ್ದು, ರಾಯಚೂರಿನಿಂದ ತಂದದ್ದು, ತಂಗಿಯ ಫೈಲಿನ ಜೊತೆ ಇರುವುದು. ಸಿಸ್ಟರ್ ಹೇಳಿದ ಮಾತಿಗೂ ನನ್ನ ಸೊಂಟದ ಸಂಚಿಗೂ ಸಂಬಂಧವಿದೆ ಎಂದು ನನಗೆ ಹೊಳೆಯಲೇ ಇಲ್ಲ. ಇದನ್ನು ಬರೆಯುವಾಗಲೂ ನಾಚಿಕೆಯಾಗುತ್ತದೆ.

ತಂಗಿಗೆ ಒಂಬತ್ತು ತುಂಬಿದ ವರ್ಷ ದಸರಾ ರಜೆಗೆ ಅವಳನ್ನು ಕರೆತರಬೇಕೆಂದು ಹಟ ಹಿಡಿದೆ. ಅತ್ತೆಗೆ ಮನಸ್ಸಿರಲಿಲ್ಲ. “ಜಡ್ಡಿನ ಹುಡುಗಿ, ಇಲ್ಲಿ ಏನರ ಆದ್ರ ನಮ್ಮ ಮ್ಯಾಲ ಬರ್ತದ ನೋಡು,” ಎಂದರು. ಅವಳು ಜಡ್ಡಿನ ಹುಡುಗಿಯಲ್ಲ, ಎಲ್ಲ ಮಕ್ಕಳ ಹಾಗೇ ಇದ್ದಾಳೆ ಎಂದು ತೋರಿಸಬೇಕೆಂಬ ಹಟ ನನಗೆ ಅಲ್ಲಿಂದ ಶುರುವಾಯಿತು. ಅವ್ವ ದಿನದ ಗುಳಿಗೆಗಳನ್ನು ಎಣಿಸಿ ಕಟ್ಟಿ ಕೊಟ್ಟಳು. ನಾನು ಒಂದನ್ನೂ ತಪ್ಪಿಸಲಿಲ್ಲ. ಎರಡನೇ ದಿನವೇ ಅವಳನ್ನು ನೀರಮಾನ್ವಿಯ ಯಲ್ಲಮ್ಮನ ಗುಡಿಗೆ ನಡೆಸಿಕೊಂಡು ಹೋದೆ. ಬಸ್ಸಿತ್ತು. ನಡೆದು ಬರುತ್ತೇವೆ ಎಂದು ನಾನು ಹರಕೆ ಹೊತ್ತಿದ್ದೆ. ಅವಳು ಹೋಗುವಾಗ ಹಾರುತ್ತ ಹೋದಳು, ಬರುವಾಗ ಅರ್ಧ ದಾರಿಗೆ ಕಾಲೆಳೆದಳು. ಮನೆಗೆ ಬಂದಾಗ ಮೈ ಬಿಸಿಯಾಗಿತ್ತು.

“ಅಕ್ಕಾ, ಕಾಲು ಭಾಳ ನೋಯಾಕತ್ತಾವ.”

ಅತ್ತೆ ಒಳಗೆ ಇದ್ದರು. ಅವರಿಗೆ ಕೇಳಿಸಬಾರದೆಂದು ಅವಳನ್ನು ಹಿತ್ತಲಿಗೆ ಕರೆದುಕೊಂಡು ಹೋಗಿ, ಸಂಚಿಯಿಂದ ಗುಳಿಗೆ ತೆಗೆದು ಅರ್ಧ ಮುರಿದು ಕೊಟ್ಟೆ. ಒಂದು ತಾಸಿನಲ್ಲಿ ಎದ್ದು ಕುಂಟೆಬಿಲ್ಲೆ ಆಡಿದಳು. ನನಗೆ ಬಹಳ ಸಂತೋಷವಾಯಿತು. ಮರುದಿನ ಬೆಳಿಗ್ಗೆ ಅರ್ಧ, ಸಂಜೆ ಅರ್ಧ. ಅದರ ಮರುದಿನವೂ ಹಾಗೆಯೇ. ಬೆಳಗಿನದನ್ನು ಟಂಟಂ ಬರುವ ಗಡಿಬಿಡಿಯಲ್ಲಿ ಬರೀ ಹೊಟ್ಟೆಗೇ ಕೊಡುತ್ತಿದ್ದೆ.

ನಾಲ್ಕನೇ ದಿನ ಅವಳು ನನ್ನ ಕಿವಿಯ ಹತ್ತಿರ ಬಂದು, ತನ್ನ ಮಲ ಡಾಂಬರಿನ ಹಾಗೆ ಕಪ್ಪಗಾಗಿದೆ ಎಂದಳು. ಕಪ್ಪಗಾದರೆ ತಕ್ಷಣ ಕರೆತನ್ನಿ ಎಂದು ರಾಯಚೂರಿನಲ್ಲಿ ಹೇಳಿದ್ದರು, ಅದೂ ನನಗೆ ಗೊತ್ತಿತ್ತು. ಆದರೆ ಆಸ್ಪತ್ರೆಗೆ ಹೋದರೆ ಅತ್ತೆಯ ಮಾತೇ ಗೆದ್ದ ಹಾಗಾಗುತ್ತದೆ.

“ಕರಿ ಗುರೆಳ್ಳ ಚಟ್ನಿ ತಿಂದೀಯಲ್ಲ, ಅದಕ್ಕ,” ಎಂದೆ. “ಅವ್ವಗ ಹೇಳಬ್ಯಾಡ. ಗುಳಿಗಿದ್ದೂ ಹೇಳಬ್ಯಾಡ. ಸುಮ್ನ ಅಂಜತಾಳ.”

ಅವಳು ಆಯಿತು ಎಂದಳು. ಮರುದಿನ ಮುಂಜಾನೆ ಸಿರವಾರದ ಮೇಲೆ ಹೋಗುವ ಬಸ್ಸಿನಲ್ಲಿ ಅವಳನ್ನು ದೇವದುರ್ಗಕ್ಕೆ ಬಿಟ್ಟು, ನಿಂತ ಕಾಲಿನಲ್ಲೇ ಹಿಂದಿರುಗಿದೆ. ಮಗಳು ಬಂದಳೆಂದು ಅವ್ವ ಅವಳಿಗೆ ಇಷ್ಟವಾದ ಖಡಕ್ ರೊಟ್ಟಿ, ಕೆನೆಮೊಸರು, ಶೇಂಗಾ ಹಿಂಡಿ ಹಾಕಿ ಉಣಿಸಿದ್ದಾಳೆ. ಮರುದಿನ ಬೆಳಗಾಗುತ್ತಲೇ ತಂಗಿ ರಕ್ತ ಕಾರಿದಳು.

ನಾನು ಮಾನ್ವಿಯಿಂದ ರಾಯಚೂರಿಗೆ ಹೋಗಿ ಆಸ್ಪತ್ರೆ ಮುಟ್ಟುವ ಹೊತ್ತಿಗೆ ಅವಳಿಗೆ ರಕ್ತ ಏರಿಸುತ್ತಿದ್ದರು. ತುಟಿ ಕಾಗದದ ಬಣ್ಣಕ್ಕೆ ಬಂದಿತ್ತು. ಡಾಕ್ಟರಮ್ಮ ದುರ್ಬೀನು ಹಾಕಿ ನೋಡಿ ಬಂದು, ಒಂದು ನರದಿಂದ ರಕ್ತ ಜಿನುಗುತ್ತಿತ್ತು, ಉಂಗುರ ಹಾಕಿದ್ದೇನೆ, ಜಠರದಲ್ಲೂ ಅಲ್ಲಲ್ಲಿ ಹುಣ್ಣುಗಳಿವೆ ಎಂದರು. ಬೇರೆ ಗುಳಿಗೆ ಏನಾದರೂ ಕೊಟ್ಟಿದ್ದಿರಾ ಎಂದು ಕೇಳಿದರು. ಅವ್ವ ಇಲ್ಲವೆಂದಳು, ರೊಟ್ಟಿ ಕೊಟ್ಟೆ ಎಂದು ಅಳಲು ಶುರು ಮಾಡಿದಳು. ರೊಟ್ಟಿಯಿಂದ ಹೀಗಾಗುವುದಿಲ್ಲವೆಂದು ಡಾಕ್ಟರಮ್ಮ ಹೇಳಿದರು. ಉಂಗುರ ಹಾಕಿದ ಮೇಲೆ ಕೆಲವು ದಿನ ಮೆತ್ತಗಿನದನ್ನೇ ಕೊಡಿ ಎಂದೂ ಹೇಳಿದರು. ಅವ್ವನ ಕಿವಿಗೆ ಎರಡನೇ ಮಾತು ಮಾತ್ರ ಹೋಯಿತು. ಡಾಕ್ಟರಮ್ಮ ನನ್ನ ಕಡೆಗೂ ನೋಡಿದರು. ನಾನು ತಂಗಿಯ ಹೊದಿಕೆ ಸರಿಮಾಡುತ್ತ ಕೂತೆ.

ಆ ದಿನ ಹೇಳಿಬಿಟ್ಟಿದ್ದರೆ ಅದು ತಿಳಿಯದೆ ಮಾಡಿದ ತಪ್ಪಾಗಿ ಉಳಿಯುತ್ತಿತ್ತು. ಹೇಳದೆ ಬಿಟ್ಟದ್ದು ತಿಳಿದೇ ಮಾಡಿದ ತಪ್ಪು.

ಆಮೇಲಿನ ತಿಂಗಳುಗಳಲ್ಲಿ ಅವ್ವ ಸೊರಗಿದಳು. ಅನ್ನವನ್ನು ಕೈಯಲ್ಲಿ ಕಿವುಚಿ ಕಿವುಚಿ ಒಂಬತ್ತು ವರ್ಷದ ಹುಡುಗಿಗೆ ಕೂಸಿಗೆ ಉಣಿಸುವ ಹಾಗೆ ಉಣಿಸುತ್ತಿದ್ದಳು. ತಂಗಿ ಬೇಸತ್ತು ಮುಖ ತಿರುಗಿಸುತ್ತಿದ್ದಳು. ಸೋದರತ್ತೆ ಬಂದಾಗ, “ಬ್ಯಾರೆ ಯಾರರ ಆಗಿದ್ರ ಜಡ್ಡಿನ ಕೂಸಿಗೆ ಗಂಜಿ ಮಾಡಿ ಕೊಡ್ತಿದ್ರು. ನಮ್ಮ ವೈನಿ ರೊಟ್ಟಿ ಕೊಟ್ಟಾಳ, ಅದೂ ಖಡಕ್,” ಎಂದಳು, ನಾನು ಅಲ್ಲಿಯೇ ಇರುವಾಗ. ಅವ್ವ ಎದ್ದು ಒಲೆಯ ಬೂದಿ ತೆಗೆಯತೊಡಗಿದಳು. ನಾನು ಚಹಾ ಕುಡಿದು ಲೋಟ ತೊಳೆದಿಟ್ಟೆ. ತಂಗಿ ಬಾಗಿಲಲ್ಲಿ ಕೂತು ನನ್ನನ್ನೇ ನೋಡುತ್ತಿದ್ದಳು.

ನಾಲ್ಕು ತಿಂಗಳ ನಂತರ ಡಾಕ್ಟರಮ್ಮ ಅಪ್ಪ, ಅವ್ವ ಇಬ್ಬರನ್ನೂ ಕೂರಿಸಿಕೊಂಡು ಮಾತಾಡಿದರು. ಉಂಗುರ ಹಾಕಿದ್ದೂ ಆಗಿದೆ, ಗುಳಿಗೆ ತಪ್ಪಿಸಿಲ್ಲ, ಆದರೂ ರಕ್ತ ಬಂದಿದೆ ಅಂದರೆ ಇಷ್ಟರಿಂದ ಒತ್ತಡ ಹಿಡಿಯುತ್ತಿಲ್ಲ ಎಂದು ಕಾಣುತ್ತದೆ. ದೊಡ್ಡ ಊರಿಗೆ ಕಳಿಸಿ ಆಪರೇಷನ್ ಮಾಡಿಸಬೇಕಾಗಬಹುದು. ರಕ್ತ ಲಿವರಿನ ಕಡೆ ಹೋಗದೆ ಬೇರೆ ದಾರಿಯಲ್ಲಿ ಹರಿಯುವ ಹಾಗೆ ನರಕ್ಕೆ ನರ ಜೋಡಿಸುತ್ತಾರೆ. ಆದರೆ ಇವಳ ಲಿವರ್ ಮೊದಲೇ ಸೋತಿದೆ. ಅಲ್ಲಿ ಶುದ್ಧವಾಗಬೇಕಾದ ರಕ್ತ ಹಾಗೆಯೇ ಮೈಯೆಲ್ಲ ತಿರುಗಿದರೆ ಕೆಲವು ಮಕ್ಕಳಿಗೆ ಮಂಪರು ಬರುತ್ತದೆ, ಓದಿದ್ದು ನೆನಪಿರುವುದಿಲ್ಲ. ಅದಕ್ಕೇ ಅವಸರ ಮಾಡುವುದಿಲ್ಲ, ಮುಂದಿನ ಸಲ ಬಂದಾಗ ತೀರ್ಮಾನಿಸಿ ಪತ್ರ ಬರೆದುಕೊಡುತ್ತೇನೆ ಎಂದರು.

ಅಪ್ಪ ಫೋನಿನಲ್ಲಿ ಇದನ್ನೆಲ್ಲ ಹೇಳಿದಾಗ ನಾನು ಹೊಲದ ಬದುವಿನ ಮೇಲೆ ನಿಂತಿದ್ದೆ. ನನ್ನ ತಂಗಿಗೆ ಹತ್ತೊಂಬತ್ತರ ಮಗ್ಗಿ ಬರುತ್ತಿತ್ತು. ಅಪ್ಪನ ಕಾಲುವೆಯ ಲೆಕ್ಕವನ್ನು ಅವಳೇ ಬಾಯಲ್ಲಿ ಮಾಡಿ ಹೇಳುತ್ತಿದ್ದಳು. ಆ ತಲೆಗೆ ಮಂಪರು ಬರುತ್ತದೆಯೇ? ಉಂಗುರಗಳು ಸೋತವೋ ಇಲ್ಲವೋ ನನಗೆ ತಿಳಿಯದು. ಆದರೆ ಆ ವಾರ ಅವಳ ಹೊಟ್ಟೆಗೆ ಏನು ಹೋಗಿತ್ತು ಎಂಬುದು ಡಾಕ್ಟರಮ್ಮನಿಗೆ ತಿಳಿಯದೇ ಈ ತೀರ್ಮಾನ ಆಗುತ್ತಿದೆ ಎಂಬುದು ತಿಳಿಯುತ್ತಿತ್ತು. ಮುಂದಿನ ಸಲ ನಾನೂ ಬರುತ್ತೇನೆ ಎಂದೆ. ಹೇಳಲೆಂದೇ ಹೊರಟೆ. ರಾಯಚೂರಿನ ಬಸ್ ನಿಲ್ದಾಣದಲ್ಲಿ ಇಳಿಯುವಷ್ಟರಲ್ಲಿ ಧೈರ್ಯ ಅರ್ಧವಾಗಿತ್ತು, ಆಸ್ಪತ್ರೆಯ ಬೆಂಚಿನ ಮೇಲೆ ಅವ್ವನ ಪಕ್ಕದಲ್ಲಿ ಕೂತಾಗ ಪೂರ್ತಿ ಹೋಗಿತ್ತು.

ಒಳಗೆ ಕರೆದರು. ಅಪ್ಪನಿಗೆ ಕೆಲಸ ಬಿಟ್ಟು ಬರಲು ಆಗಿರಲಿಲ್ಲ, ನಾವು ಮೂವರೇ. ಡಾಕ್ಟರಮ್ಮ ಫೈಲು ತಿರುವುತ್ತ ಅವ್ವನನ್ನು ಕೇಳಿದರು.

“ಇನ್ನೊಮ್ಮಿ ಕೇಳ್ತೀನವ್ವಾ, ಬ್ಯಾಸರ ಮಾಡ್ಕೋಬ್ಯಾಡ. ಆ ಸಲ ರಕ್ತ ಬರೋಕಿಂತ ಮುಂಚೆ ನೋವಿಂದು, ಅಂಗಡ್ಯಾಗ ಸಿಗೋದು, ಯಾವುದರ ಗುಳಿಗಿ ಕೊಟ್ಟಿದ್ರೇನು?”

“ಇಲ್ಲರೀ ಮೇಡಂ. ನಂದ ತಪ್ಪು, ರೊಟ್ಟಿ ಒಂದ ಕೊಟ್ಟೀನಿ.”

ಡಾಕ್ಟರಮ್ಮ ತಂಗಿಯ ಕಡೆ ತಿರುಗಿದರು. “ನೀ ಹೇಳವಾ. ಶಾಣ್ಯಾ ಹುಡುಗಿ ಅದೀ. ನುಂಗಿದ್ದೇನು ಏನರ?”

“ಇಲ್ರೀ ಮೇಡಂ,” ಎಂದಳು ತಂಗಿ. “ಏನೂ ನುಂಗಿಲ್ಲ.”

ಹೇಳಿ ನನ್ನ ಕಡೆ ನೋಡಿದಳು. ಸರಿ ಹೇಳಿದೆನಾ ಅಕ್ಕಾ ಎಂದು ಕೇಳುವ ಹಾಗಿತ್ತು ಆ ನೋಟ. ಮಾನ್ವಿಯಲ್ಲಿ ನಾನು ಹೇಳಬೇಡ ಎಂದಿದ್ದೆನಲ್ಲ, ಅಷ್ಟಕ್ಕೇ ಅವಳು ಐದು ತಿಂಗಳು ಆ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದಳು. ಸೋದರತ್ತೆ ಅವ್ವನನ್ನು ಚುಚ್ಚುವಾಗಲೂ, ತನ್ನ ಹೊಟ್ಟೆ ಕೊಯ್ಯುತ್ತಾರೆ ಎಂದು ಗೊತ್ತಾದ ಮೇಲೂ. ಆ ಹುಡುಗಿ ನನ್ನನ್ನು ಕಾಯುತ್ತಿದ್ದಳು.

“ಸುಳ್ಳು ಹೇಳಾಕತ್ತಾಳ್ರೀ,” ಎಂದೆ. “ನಾ ಕೊಟ್ಟೀನಿ.”

ಯಾವ ಗುಳಿಗೆ ಎಂದು ಕೇಳಿದರು. ಹೆಸರು ಗೊತ್ತಿರಲಿಲ್ಲ. ಸೊಂಟದಿಂದ ಸಂಚಿ ತೆಗೆದೆ. ಐದು ತಿಂಗಳಾದರೂ ಅದು ಅದೇ ಜಾಗದಲ್ಲಿ, ಅಡಿಕೆ ಚೂರಿನ ನಡುವೆ ಇತ್ತು. ನಾನು ನುಂಗುವುದನ್ನು ಬಿಟ್ಟಿರಲಿಲ್ಲ. ಆ ಗುಳಿಗೆಯ ಪಟ್ಟಿಯನ್ನು ಮೇಜಿನ ಮೇಲೆ ಇಟ್ಟಾಗ ಅವ್ವ ಅದನ್ನೂ ನನ್ನನ್ನೂ ನೋಡಿದಳು. ನಾನು ಒಂದೇ ಸಮನೆ ಮಾತಾಡತೊಡಗಿದೆ, ನನ್ನನ್ನು ಬೈಯಿರಿ, ಹೊಡೆಯಿರಿ ಎಂದೆಲ್ಲ. ಡಾಕ್ಟರಮ್ಮ ಕೈ ಎತ್ತಿದರು.

“ಬೈಯೋದು ಆಮ್ಯಾಲ. ಮೊದಲ ನಾ ಕೇಳಿದ್ದಕ್ಕ ಹೇಳು. ಎಷ್ಟು ದಿನ? ದಿನಕ್ಕೆಷ್ಟು? ಉಂಡ ಮ್ಯಾಲೋ, ಉಣ್ಣೋಕಿಂತ ಮೊದಲೋ?”

ಎಲ್ಲ ಹೇಳಿದೆ. ನೀರಮಾನ್ವಿಗೆ ನಡೆಸಿದ್ದು, ಕಪ್ಪು ಮಲ, ಗುರೆಳ್ಳು ಚಟ್ನಿಯ ಮೇಲೆ ಹಾಕಿದ್ದು. ಅವರು ಎಲ್ಲವನ್ನೂ ಬರೆದುಕೊಂಡರು. ಬರೆದು ಮುಗಿಸಿ ಹಳೆಯ ದುರ್ಬೀನಿನ ಚಿತ್ರಗಳನ್ನು ಮತ್ತೆ ತೆಗೆದು, ಬೆಳಕಿಗೆ ಹಿಡಿದು ನೋಡಿದರು. ಜಠರದ ಹುಣ್ಣುಗಳೂ ಒತ್ತಡದಿಂದಲೇ ಎಂದು ತಿಳಿದಿದ್ದೆ, ಈ ಗುಳಿಗೆ ಇಂಥ ಹುಣ್ಣು ಮಾಡುತ್ತದೆ, ಉಬ್ಬಿದ ನರವನ್ನೂ ಕೆಣಕುತ್ತದೆ ಎಂದರು. ಪತ್ರ ಇವತ್ತು ಬರೆಯುವುದಿಲ್ಲ. ನಾಳೆ ಬೆಳಿಗ್ಗೆ ಮತ್ತೊಮ್ಮೆ ದುರ್ಬೀನು ಹಾಕಿ ನೋಡೋಣ. ಹುಣ್ಣು ಮಾಯ್ದಿದ್ದರೆ, ನರಗಳು ಕಟ್ಟಿನಲ್ಲಿದ್ದರೆ, ಆಪರೇಷನ್ನಿನ ಮಾತು ಸದ್ಯಕ್ಕೆ ಬೇಡ. ಆಮೇಲೆ ನನ್ನ ಕಡೆ ನೋಡಿ, “ಅವತ್ತ ಹೇಳಿದ್ದರ ನಿಮ್ಮವ್ವ ಇಷ್ಟು ಸಣ್ಣ ಆಗ್ತಿದ್ದಿಲ್ಲ,” ಎಂದರು. ಬೈಗುಳ ಅಷ್ಟೇ. ಅದು ಇಂದಿಗೂ ಚುಚ್ಚುತ್ತದೆ.

ಹೊರಗೆ ಬಂದ ಮೇಲೆ ಅವ್ವ ತಂಗಿಯನ್ನು ನನ್ನಿಂದ ದೂರ, ಬೆಂಚಿನ ಆ ತುದಿಗೆ ಕೂರಿಸಿಕೊಂಡಳು. ಮಧ್ಯಾಹ್ನ ನಾನು ಇಡ್ಲಿ ತಂದು ಕೊಟ್ಟಾಗ ಕೇಳಿದಳು.

“ನಿಮ್ಮ ಸೋದರತ್ತಿ ನನ್ನ ಅಂದಾಗ ನೀ ಅಲ್ಲೇ ಕುಂತಿದ್ದೆಲ್ಲ. ಚಾ ಕುಡುದಿ. ನಿನಗ ಆ ಚಾ ಹೆಂಗ ಇಳೀತು?”

ಇಳಿಯಲಿಲ್ಲ ಎಂದರೆ ಅದೂ ಸುಳ್ಳಾಗುತ್ತಿತ್ತು. ಅದು ಇಳಿದಿತ್ತು.

“ಹೆದರಿದ್ದೆ ಬೇ,” ಎಂದೆ.

“ನಾ ಹೆದರಿದ್ದಿಲ್ಲೇನು?” ಎಂದಳು. ಆಮೇಲೆ ಯಾರಿಗೂ ಅಲ್ಲ ಎಂಬಂತೆ, “ಅಂದ್ರ ರೊಟ್ಟಿ ಅಲ್ಲ,” ಎಂದಳು. ಅದೇ ಮಾತನ್ನು ಇನ್ನೊಮ್ಮೆ ಹೇಳಿದಳು. ಅವಳ ಹೆಗಲು ಸೆರಗಿನೊಳಗೆ ಸಡಿಲವಾದದ್ದು ನನಗೆ ಕಂಡಿತು. ನನ್ನ ಮೇಲಿನ ಸಿಟ್ಟು ಅದರಿಂದ ಕಡಿಮೆಯಾಗಲಿಲ್ಲ, ಆಗಬೇಕಾಗಿಯೂ ಇರಲಿಲ್ಲ.

ಮರುದಿನ ದುರ್ಬೀನಿನ ಕೋಣೆಗೆ ಒಯ್ಯುವಾಗ ತಂಗಿ ಮೇಜು ಹತ್ತಲು ಒಪ್ಪಲಿಲ್ಲ. ನಿದ್ದೆಯ ಔಷಧಿ ಕೊಡುವವರೆಗೆ ಅಕ್ಕ ಕೈ ಹಿಡಿಯಬೇಕು ಎಂದಳು. ಸಿಸ್ಟರ್ ನನ್ನನ್ನು ಒಳಗೆ ಬಿಟ್ಟರು. ಅವಳು ನನ್ನ ಬೆರಳು ಹಿಡಿದು ಪಿಸುಗುಟ್ಟಿದಳು, “ಅಕ್ಕಾ, ನಾ ಹೇಳಿಲ್ಲ. ನೀನ ಹೇಳಿದಿ.” ಗೊತ್ತು ಎಂದೆ. ಇನ್ನು ಮೇಲೆ ನಾನು ಹೇಳಬೇಡ ಎಂದರೂ ಹೇಳಬೇಕು, ನಿನ್ನ ಹೊಟ್ಟೆಯ ಮಾತು ಏನೇ ಇರಲಿ ಮೊದಲು ಡಾಕ್ಟರಮ್ಮನಿಗೆ, ಆಮೇಲೆ ಅವ್ವನಿಗೆ, ಕೊನೆಗೆ ನನಗೆ ಎಂದೆ. ಅವಳಿಗೆ ಅಷ್ಟರಲ್ಲಿ ನಿದ್ದೆ ಹತ್ತಿತ್ತು. ಕೇಳಿಸಿತೋ ಇಲ್ಲವೋ ಎಂದುಕೊಂಡೆ.

ಹುಣ್ಣುಗಳು ಮಾಯ್ದಿದ್ದವು. ಎರಡು ನರಗಳಿಗೆ ಮಾತ್ರ ಉಂಗುರ ಬೇಕಾಯಿತು. ಪತ್ರ ಬರೆಯಲಿಲ್ಲ. ಎಂದೂ ಆಪರೇಷನ್ ಬೇಡವೆಂದು ಹೇಳುತ್ತಿಲ್ಲ, ಲಿವರ್ ಹೇಗಿದೆ ಎಂದು ನೋಡುತ್ತಿರಬೇಕು, ಮುಂದೆ ಬೇರೆಯದೇ ಲಿವರ್ ಹಾಕಿಸುವ ಮಾತೂ ಬರಬಹುದು, ಆದರೆ ಸದ್ಯಕ್ಕೆ ಕೈಯಲ್ಲಿರುವುದೇ ಕೆಲಸ ಮಾಡುತ್ತಿದೆ ಎಂದರು ಡಾಕ್ಟರಮ್ಮ.

ಅವ್ವ ನನ್ನ ಜೊತೆ ಒಂದು ತಿಂಗಳು ಮಾತಾಡಲಿಲ್ಲ. ನಾನು ಫೋನು ಮಾಡಿದರೆ ಅಪ್ಪನ ಕೈಗೆ ಕೊಡುತ್ತಿದ್ದಳು. ಮುಂದಿನ ತಪಾಸಣೆಯ ದಿನ ಹತ್ತಿರ ಬಂದಾಗ ಅವಳೇ ಫೋನು ಮಾಡಿ, ಬರುವುದಾದರೆ ಬಾ, ನೀನಿಲ್ಲದೆ ಆಕೆ ಮೇಜು ಹತ್ತುವುದಿಲ್ಲ ಎಂದಳು. ನಾನು ಹೋದೆ. ಅಂದಿನಿಂದ ಒಂದು ಸಲವೂ ತಪ್ಪಿಸಿಲ್ಲ. ಅತ್ತೆಗೂ ನಾನೇ ಹೇಳಿದೆ. “ಹೇಳಿದ್ದಿಲ್ಲೇನು ನಾ?” ಎನ್ನುತ್ತಾರೆ ಎಂದು ಕಾದೆ. ಅವರು ಸುಮ್ಮನೆ ಬುತ್ತಿಗೆ ಇನ್ನೊಂದು ರೊಟ್ಟಿ ಸೇರಿಸಿ, ಆಸ್ಪತ್ರೆಯಲ್ಲಿ ಹೊತ್ತಾಗುತ್ತದೆ ಎಂದರು.

ಹೊಲದಲ್ಲಿ ಹೆಂಗಸರಿಗೆ ಈ ಕಥೆ ಹೇಳಿದಾಗ ಕೆಲವರು ನಕ್ಕರು. “ಡಾಕ್ಟರಮ್ಮ ಬಂದ್ಲು, ದಾರಿ ಬಿಡ್ರೇ,” ಎಂದು ಈಗಲೂ ಕಾಡುತ್ತಾರೆ. ಹಿರಿಯ ಹೆಂಗಸು ಇನ್ನೂ ಗುಳಿಗೆ ನುಂಗುತ್ತಾಳೆ. ಅವಳ ಟೊಂಕಕ್ಕೆ ನನ್ನ ಹತ್ತಿರ ಬೇರೆ ಉಪಾಯವಿಲ್ಲ. ಆದರೆ ಮಕ್ಕಳಿಗೆ ಮುರಿದು ಕೊಡುವುದು ನಮ್ಮ ಗುಂಪಿನಲ್ಲಿ ನಿಂತಿದೆ. ಎರಡು ಮೂರು ಮಂದಿ ನಮ್ಮ ಮಕ್ಕಳಿಗೂ ಹಾಗೆ ಕೊಡುತ್ತಿದ್ದೆವು ಎಂದು ಆಮೇಲೆ ನನ್ನ ಹತ್ತಿರ ಮೆಲ್ಲಗೆ ಹೇಳಿದರು. ನಾನೊಬ್ಬಳೇ ಅಲ್ಲ ಎಂದು ತಿಳಿದು ಸಮಾಧಾನವಾಗಬೇಕಿತ್ತು, ಭಯವಾಯಿತು.

ತಂಗಿಗೆ ಈಗ ಹದಿಮೂರು. ಎಂಟನೇ ತರಗತಿ, ನಾನು ಬಿಟ್ಟ ತರಗತಿಯನ್ನು ದಾಟಿದ್ದಾಳೆ. ಗೋಡೆಯ ಗಡಿಯಾರ ನೋಡಿ ತನ್ನ ನಾಡಿ ತಾನೇ ಎಣಿಸಿ ಗುಳಿಗೆ ನುಂಗುತ್ತಾಳೆ. ಗುಲ್ಮ ಇನ್ನೂ ದೊಡ್ಡದಿದೆ, ಕಬಡ್ಡಿ ಆಡುವ ಹಾಗಿಲ್ಲ. ಶಾಲೆಯ ಕಬಡ್ಡಿಗೆ ಅಂಕ ಬರೆಯುವವಳು ಅವಳೇ. ಕಳೆದ ಸಲದ ದುರ್ಬೀನಿನಲ್ಲಿ ಉಂಗುರ ಹಾಕುವಂಥ ನರ ಒಂದೂ ಸಿಗಲಿಲ್ಲ. ಇನ್ನು ದುರ್ಬೀನು ಒಂದು ವರ್ಷ ಬಿಟ್ಟು, ರಕ್ತ ಪರೀಕ್ಷೆಗೆ ಮಾತ್ರ ನಡುನಡುವೆ ಬನ್ನಿ ಎಂದಾಗ ಅವ್ವ ಕೈ ಮುಗಿದಳು. ಡಾಕ್ಟರಮ್ಮ ಎಂದಿನಂತೆ ಕೇಳಿದರು, ಈ ವಾರ ಹೊರಗಿನದು ಏನಾದರೂ ತಿಂದದ್ದು, ನುಂಗಿದ್ದು ಇದೆಯಾ ಎಂದು. ನಾನು ಇಲ್ಲ ಎಂದೆ.

“ಅದರೀ,” ಎಂದಳು ತಂಗಿ. “ಮೊನ್ನಿ ಬಸ್‌ಸ್ಟ್ಯಾಂಡಿನ್ಯಾಗ ಮಂಡಾಳ ಒಗ್ಗರಣಿ, ಎರಡು ಮಿರ್ಚಿ. ಅಕ್ಕನ ಕೊಡಿಸಿದ್ಲು. ಒಂದು ಅಂದಿದ್ಲು, ನಾ ಎರಡು ತಿಂದೆ. ಉಪ್ಪು ಭಾಳ ಇತ್ತು.”

ಡಾಕ್ಟರಮ್ಮ ಪೆನ್ನು ಕೆಳಗಿಟ್ಟು ನನ್ನ ಕಡೆ ನೋಡಿದರು. ಅವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು, ನಗು ತಡೆಯಲು. ತಂಗಿ ನನ್ನನ್ನು ನೋಡಲೂ ಇಲ್ಲ. ಡಾಕ್ಟರಮ್ಮ ಪೆನ್ನು ಎತ್ತಿಕೊಂಡು ಎಲ್ಲವನ್ನೂ ಬರೆದುಕೊಳ್ಳುವವರೆಗೆ ಅವರ ಕೈಯನ್ನೇ ನೋಡುತ್ತ ಕೂತಿದ್ದಳು.